ಮೂಡಣ ಬೆಂಗಳೂರಿನ ಇಡಿಗಂಟು

ಹೆಣ್ಣೂರು ರಸ್ತೆಗೂ ಬಾಣಸವಾಡಿ ರಸ್ತೆಗೂ ನಡುವೆ ಹಬ್ಬಿರುವ, ಸರ್ಕಾರಿ ಕಾಗದಗಳಲ್ಲಿ ಎಚ್‌ಆರ್‌ಬಿಆರ್ ಬಡಾವಣೆಯೆಂದೂ ಜನರ ಬಾಯಲ್ಲಿ ಕಲ್ಯಾಣ ನಗರವೆಂದೂ ಹೆಸರಾದ ಪ್ರದೇಶದಲ್ಲಿ ಇಂದು ಅಡ್ಡಾಡುವವನಿಗೆ, ಎರಡು ತಲೆಮಾರುಗಳ ಹಿಂದೆ ಇದು ಚಳ್ಳಕೆರೆ, ಬಾಣಸವಾಡಿ, ಕಾಚರಕನಹಳ್ಳಿಗಳ ಒಕ್ಕಲುಮಕ್ಕಳು ರಾಗಿ, ಅವರೆ, ಸೊಪ್ಪುಗಳನ್ನು ಬೆಳೆದು ದಂಡಿನ ಮಾರುಕಟ್ಟೆಗೆ ಸಾಗಿಸುತ್ತಿದ್ದ ನೆಲವಾಗಿತ್ತೆಂದು ಹೇಳಿದರೆ ನಂಬಿಕೆ ಹುಟ್ಟುವುದು ಕಷ್ಟ. ಬೆಂಗಳೂರಿನ ಈ ಮೂಡಣ ಭಾಗದ ಚರಿತ್ರೆಯನ್ನು ಬರೆದವರು ಪಡೆಗಳನ್ನೂ ಕಾರ್ಖಾನೆಗಳನ್ನೂ ಬಡಾವಣೆಗಳನ್ನೂ ಕುರಿತು ಸಾಕಷ್ಟು ಬರೆದಿದ್ದಾರೆ. ಆದರೆ ಆ ಪಡೆಯ ಸಿಪಾಯಿಯೂ ಕಾರ್ಖಾನೆಯ ಕಾರ್ಮಿಕನೂ ನೆಲ ಕಳೆದುಕೊಂಡ ರೈತನೂ ತಮ್ಮ ಕೈಗೆ ಬಂದ ದ್ರವ್ಯವನ್ನು ಏನು ಮಾಡಿದರು, ನಿವೃತ್ತಿ, ಮದುವೆ, ಮರಣ, ಸ್ಥಳಾಂತರ ಮೊದಲಾದ ಬದುಕಿನ ತಿರುವುಗಳಲ್ಲಿ ಯಾವುದನ್ನು ನೆಚ್ಚಿದರು ಎಂಬ ಗೃಹಕೃತ್ಯದ ಚರಿತ್ರೆ ಮಾತ್ರ ಬಿಡಿಬಿಡಿಯಾಗಿ ಉಳಿದಿದೆ. ಆ ಬಿಡಿಗಳನ್ನು ಒಂದೆಡೆ ಇಟ್ಟು ನೋಡಿದಾಗ ನನಗೆ ತೋರುವುದಿಷ್ಟು: ತಿಂಗಳು ತಿಂಗಳು ಬರುವ ಅಲ್ಪ ಹಣವನ್ನು ಇಲ್ಲಿನ ಗೃಹಸ್ಥರು, ಅವರಿಗಿಂತ ಹೆಚ್ಚಾಗಿ ಗೃಹಿಣಿಯರು, ಅಸಾಧಾರಣವಾದ ಜಾಣ್ಮೆಯಿಂದ ನಿರ್ವಹಿಸಿದರು, ಒಂದೇ ಸಲಕ್ಕೆ ಬಂದ ಇಡಿಗಂಟಿನೆದುರು ಮಾತ್ರ ಅದೇ ಜಾಣ್ಮೆ ತಬ್ಬಿಬ್ಬಾಯಿತು.

1809ರಲ್ಲಿ ಹಲಸೂರಿನ ಬಯಲಿನಲ್ಲಿ ಬ್ರಿಟಿಷರ ದಂಡು (ಕಂಟೋನ್ಮೆಂಟ್) ನೆಲೆಯೂರಿದಾಗ ಅದರ ಹಿಂದೆ ಬಂದವರು ಸಿಪಾಯಿಗಳಷ್ಟೇ ಅಲ್ಲ. ಅಡುಗೆಯವರು, ಅಗಸರು, ದರ್ಜಿಗಳು, ಗುತ್ತಿಗೆದಾರರು, ಬಡ್ಡಿಯ ವ್ಯಾಪಾರಿಗಳು ಎಲ್ಲರೂ ಬಂದರು. ಮೈಸೂರು ಸೀಮೆಯ ಹಳ್ಳಿಗನಿಗೆ ಸುಗ್ಗಿಯಲ್ಲಿ ಮಾತ್ರ ಕಾಣುತ್ತಿದ್ದ ನಗದು ಇಲ್ಲಿ ಪ್ರತಿ ತಿಂಗಳೂ ಕಾಣಿಸಿಕೊಂಡಿತು. ಸೇವೆ ಮುಗಿದ ಬಳಿಕವೂ ಪಿಂಚಣಿಯ ರೂಪದಲ್ಲಿ ಅದು ಬರುತ್ತಲೇ ಇತ್ತು. ನಿಯತಕಾಲಕ್ಕೆ ತಪ್ಪದೆ ಬರುವ ಹಣವೆಂದರೆ ಸಾಲ ಕೊಡುವವನಿಗೆ ಅದಕ್ಕಿಂತ ಒಳ್ಳೆಯ ಆಧಾರ ಮತ್ತೊಂದಿಲ್ಲವಾದ್ದರಿಂದ, ಮುದುಕನೊಬ್ಬನ ಮುಂದಿನ ವರ್ಷಗಳ ಪಿಂಚಣಿಯನ್ನು ಇಂದಿನ ಪುಡಿ ಸಾಲಕ್ಕೆ ಬರೆಸಿಕೊಳ್ಳುವ ಆಸೆ ಬಡ್ಡಿಯವನಲ್ಲಿ ಹುಟ್ಟುವುದು ಸಹಜ. ಬ್ರಿಟಿಷರ ಭಾರತದಲ್ಲಿ ಜಾರಿಗೆ ಬಂದ 1871ರ ಪಿಂಚಣಿ ಶಾಸನ ಈ ಆಸೆಗೆ ಅಡ್ಡವಾಗಿ ನಿಂತಿತು: ಸಾಲಗಾರನ ಪಿಂಚಣಿಯನ್ನು ಯಾವ ನ್ಯಾಯಾಲಯವೂ ಜಪ್ತಿ ಮಾಡುವಂತಿಲ್ಲ, ಇನ್ನೂ ಕೈಸೇರದ ಪಿಂಚಣಿಯನ್ನು ಮುಂಚಿತವಾಗಿ ಬೇರೊಬ್ಬನಿಗೆ ಬರೆದುಕೊಟ್ಟರೆ ಆ ಬರಹಕ್ಕೆ ಬೆಲೆಯಿಲ್ಲ. ಮನುಷ್ಯನನ್ನು ಅವನ ಸ್ವಂತ ಅವಸರದಿಂದ ಕಾಯಬೇಕೆಂಬ ವಿವೇಕ ಆ ಎರಡು ವಿಧಿಗಳಲ್ಲಿದೆ. ನೂರೈವತ್ತು ವರ್ಷಗಳು ಕಳೆದರೂ ಆ ಶಾಸನ ಪುಸ್ತಕದಲ್ಲಿ ಉಳಿದಿರುವುದು, ಅದು ಕಾಯಲು ಹೊರಟ ದೌರ್ಬಲ್ಯವೂ ಉಳಿದಿದೆಯೆಂಬುದಕ್ಕೆ ಸಾಕ್ಷಿ.

1864ರಲ್ಲಿ ದಂಡಿಗೆ ಎರಡು ಹೊಸತುಗಳು ಬಂದವು. ಜೋಲಾರಪೇಟೆಯಿಂದ ರೈಲು ಬಂದಿತು; ಮದ್ರಾಸ್ ಬ್ಯಾಂಕು ತನ್ನ ಶಾಖೆಯನ್ನು ತೆರೆಯಿತು. ಬ್ಯಾಂಕು ಸಾಹೇಬರದೂ ದೊಡ್ಡ ವರ್ತಕರದೂ ಆಗಿತ್ತೇ ಹೊರತು, ಬ್ಲ್ಯಾಕ್‌ಪಳ್ಳಿಯ (ಇಂದಿನ ಶಿವಾಜಿನಗರದ) ಸಣ್ಣ ಸಂಬಳದವನು ಅದರ ಮೆಟ್ಟಿಲು ಹತ್ತುವಂತಿರಲಿಲ್ಲ. ಅವನ ಪಾಲಿಗೆ ಬಾಗಿಲು ತೆರೆದದ್ದು 1882ರಲ್ಲಿ ಆರಂಭಗೊಂಡ ಅಂಚೆ ಕಚೇರಿಯ ಉಳಿತಾಯ ಬ್ಯಾಂಕು. ಮದ್ರಾಸಿನ ಕಡೆಗೆ ಮುಖ ಮಾಡಿಕೊಂಡೇ ಬದುಕುತ್ತಿದ್ದ ದಂಡಿನ ಜನಕ್ಕೆ, 1906ರ ಅಕ್ಟೋಬರಿನಲ್ಲಿ ಅದೇ ಮದ್ರಾಸಿನಲ್ಲಿ ಅರ್ಬತ್ನಾಟ್ ಕಂಪನಿ ಮುಳುಗಿದ ವಾರ್ತೆ ಪರದೇಶದ ಸುದ್ದಿಯಂತೆ ಕೇಳಿಸಿರಲಾರದು. ಶತಮಾನದ ಪ್ರತಿಷ್ಠೆಯುಳ್ಳ ಆ ಸಂಸ್ಥೆಯಲ್ಲಿ ವಿಧವೆಯರೂ ನಿವೃತ್ತರೂ ಠೇವಣಿಯಿಟ್ಟದ್ದು ಅದರ ಲೆಕ್ಕಪತ್ರಗಳನ್ನು ಕಂಡು ಅಲ್ಲ, ಅದರ ಒಡೆಯನ ಹೆಸರಿನ ಹಿಂದೆ ಇದ್ದ ಬಿರುದನ್ನು ಕಂಡು. ಆ ಒಡೆಯ, ಸರ್ ಜಾರ್ಜ್ ಅರ್ಬತ್ನಾಟ್, ವಂಚನೆಗಾಗಿ ಸೆರೆಮನೆ ಸೇರಿದ. ಆ ಪತನದ ಬೂದಿಯಿಂದಲೇ ಮರುವರ್ಷ, 1907ರಲ್ಲಿ, ಇಂಡಿಯನ್ ಬ್ಯಾಂಕು ಎದ್ದಿತೆಂಬುದು ಅನೇಕರಿಗೆ ಗೊತ್ತು. ಇಂತಹ ಠೇವಣಿದಾರನಿಗೆ ಕಾನೂನಿನ ಭದ್ರತೆ ದೊರೆಯಲು ಮಾತ್ರ ಇನ್ನೂ 55 ವರ್ಷ ಬೇಕಾಯಿತು. 1962ರಲ್ಲಿ ಠೇವಣಿ ವಿಮೆ ಬಂದಾಗ ಒಬ್ಬನಿಗೆ ದೊರೆಯುತ್ತಿದ್ದ ರಕ್ಷಣೆ 1,500 ರೂಪಾಯಿ, 1993ರಿಂದ 1 ಲಕ್ಷ, 2020ರಿಂದ 5 ಲಕ್ಷ.

ಕಬ್ಬನ್ ಉದ್ಯಾನದ ಪಡುವಣಕ್ಕಿದ್ದ ಮೈಸೂರು ಸಂಸ್ಥಾನದ ಪೇಟೆಯಲ್ಲಿ ಇದೇ ಕಾಲಕ್ಕೆ ಬೇರೊಂದು ಬಗೆಯ ಯೋಚನೆ ನಡೆದಿತ್ತು. 1891ರಲ್ಲಿ ಮೈಸೂರು ಸರ್ಕಾರ ತನ್ನ ನೌಕರರಿಗೆ ಜೀವವಿಮೆಯನ್ನು ಕಡ್ಡಾಯ ಮಾಡಿತು. ಸಂಬಳ ಕೈಗೆ ಬರುವ ಮುನ್ನವೇ ವಿಮೆಯ ಕಂತು ಮುರಿದುಹೋಗುತ್ತಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ನೇರ ಉತ್ತರಾಧಿಕಾರಿ. ಗುಮಾಸ್ತನ ಒಪ್ಪಿಗೆಯನ್ನು ಕೇಳದೆ ಅವನ ಹೆಂಡತಿ ಮಕ್ಕಳಿಗಾಗಿ ಹಣ ತೆಗೆದಿಟ್ಟ ಈ ಕ್ರಮವನ್ನು ದಬ್ಬಾಳಿಕೆಯೆಂದು ಕರೆಯಲು ನನಗೆ ಮನಸ್ಸಿಲ್ಲ. ಮನೆಯ ಯಜಮಾನ ತೀರಿಕೊಂಡ ದಿನ ತೆಗೆದುಕೊಳ್ಳಬೇಕಾದ ನಿರ್ಧಾರವನ್ನು ಅವನು ನೌಕರಿಗೆ ಸೇರಿದ ದಿನವೇ ತೆಗೆದುಕೊಂಡುಬಿಡುವುದು ಅದರ ಗುಟ್ಟು. ದಂಡು ರೆಸಿಡೆಂಟರ ಕೈಯಲ್ಲಿಯೂ ಪೇಟೆ ಮಹಾರಾಜರ ಕೈಯಲ್ಲಿಯೂ ಇದ್ದುದರಿಂದ, 1947ರಲ್ಲಿ ದಂಡು ಮೈಸೂರಿಗೆ ಮರಳಿ, 1949ರಲ್ಲಿ ಎರಡೂ ಸೇರಿ ಒಂದೇ ನಗರಪಾಲಿಕೆಯಾಗುವವರೆಗೆ, ಒಂದೇ ಊರಿನ ಎರಡು ಮಗ್ಗುಲಿನ ಮನೆಗಳು ಎರಡು ಬಗೆಯ ಭವಿಷ್ಯವನ್ನು ಕಟ್ಟಿಕೊಳ್ಳುತ್ತಿದ್ದವು.

ಸರ್ಕಾರದ ನೆರಳಿಲ್ಲದ ಮನೆಗಳು ನೆಚ್ಚಿದ್ದು ಚೀಟಿಯನ್ನು. ಹಲಸೂರಿನ ಯಾವುದಾದರೊಂದು ಓಣಿಯಲ್ಲಿ, ಸಂಬಳವಾದ ಮೇಲಿನ ಮೊದಲ ಭಾನುವಾರ, ಚೀಟಿ ನಡೆಸುವವರ ಮನೆಯ ಜಗಲಿಯ ಮೇಲೆ ಇಪ್ಪತ್ತು ಜನ ಕೂಡುತ್ತಾರೆನ್ನಿ. ತಲೆಗೆ 50 ರೂಪಾಯಿಯಂತೆ ಸಾವಿರ ರೂಪಾಯಿಯ ಚೀಟಿ, ಇಪ್ಪತ್ತು ತಿಂಗಳ ಅವಧಿ. ಸವಾಲು ಆರಂಭವಾಗುತ್ತದೆ. ಮಗಳ ಮದುವೆ ಗೊತ್ತಾಗಿರುವವನೊಬ್ಬ, ಸಾವಿರದಲ್ಲಿ ನೂರು ಬಿಡುತ್ತೇನೆನ್ನುತ್ತಾನೆ. ಆಸ್ಪತ್ರೆಯ ಖರ್ಚಿರುವವಳೊಬ್ಬಳು ನೂರೈವತ್ತು ಎನ್ನುತ್ತಾಳೆ. ಕೂಗು ಏರುತ್ತ ಏರುತ್ತ 220ಕ್ಕೆ ನಿಂತು, ಮದುವೆಯ ಮನೆಯವನು 780 ರೂಪಾಯಿಗೆ ಚೀಟಿ ಎತ್ತುತ್ತಾನೆ. ಬಿಟ್ಟುಕೊಟ್ಟ 220ರಲ್ಲಿ ನಡೆಸುವವರ ಪಾಲು, ಚೀಟಿಯ ಪೂರ್ತಿ ಮೊತ್ತದ ಶೇಕಡ 5ರಂತೆ, 50 ಕಳೆದು, ಉಳಿದ 170 ಇಪ್ಪತ್ತು ಜನರಿಗೆ ಹಂಚಿಹೋಗಿ, ಒಬ್ಬೊಬ್ಬರೂ ಆ ತಿಂಗಳು ಕಟ್ಟುವುದು ಎಂಟೂವರೆ ರೂಪಾಯಿ ಕಡಿಮೆ. ಅವಸರವಿದ್ದವನು ಅವಸರದ ಬೆಲೆ ತೆತ್ತ, ಅವಸರವಿಲ್ಲದವರು ಕಾದುದರ ಫಲ ಉಂಡರು. ಬಡ್ಡಿಯೆಂಬ ಮಾತು ಯಾರ ಬಾಯಲ್ಲಿಯೂ ಬರಲಿಲ್ಲ. ಇದಕ್ಕಿಂತ ಸುಲಭವಾಗಿ ಒಂದೇ ಸಂಸ್ಥೆ ಸಾಲವನ್ನೂ ಉಳಿತಾಯವನ್ನೂ ಕೊಟ್ಟದ್ದನ್ನು ನಾನು ಅರಿಯೆ. ಅದರ ದೋಷವೂ ಅಷ್ಟೇ ಸ್ಪಷ್ಟ: ಎರಡನೆಯ ತಿಂಗಳು ಎತ್ತಿದವನು ಮೂರನೆಯ ತಿಂಗಳು ಮನೆ ಖಾಲಿ ಮಾಡಿಕೊಂಡು ಹೋದರೆ, ಇಲ್ಲವೆ ನಡೆಸುವವರೇ ಕಾಣೆಯಾದರೆ, ಜಗಲಿಯ ವಿಶ್ವಾಸವನ್ನು ಯಾವ ಕೋರ್ಟಿಗೆ ಒಯ್ಯುವುದು? 1982ರ ಚಿಟ್ ಫಂಡ್ ಕಾಯಿದೆ ನೋಂದಣಿಯನ್ನೂ ಭದ್ರತಾ ಠೇವಣಿಯನ್ನೂ ವಿಧಿಸಿತು. ನಡೆಸುವವರ ಪಾಲಿನ ಮಿತಿ 2019ರ ತಿದ್ದುಪಡಿಯಲ್ಲಿ ಶೇಕಡ 7ಕ್ಕೆ ಏರಿತು. ಜಗಲಿಯ ಚೀಟಿಗಳು ಮಾತ್ರ ಎರಡನ್ನೂ ಲೆಕ್ಕಿಸದೆ ನಡೆದುಕೊಂಡು ಬಂದಿವೆ.

1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿನಗರದ ಐಟಿಐ, ಅನಂತರ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಹುಟ್ಟಿಕೊಂಡು ಮೂಡಣ ಬೆಂಗಳೂರು ಕಾರ್ಖಾನೆಯ ಸೈರನ್ನಿಗೆ ಏಳುವ ಊರಾಯಿತು. 1948ರ ಇಎಸ್‌ಐ ಕಾನೂನು, 1952ರ ಭವಿಷ್ಯನಿಧಿ ಕಾನೂನು, 1972ರ ಗ್ರ್ಯಾಚುಟಿ ಕಾನೂನು ಈ ಜನರ ಸುತ್ತ ಒಂದು ಬೇಲಿ ಕಟ್ಟಿದವು. ಪಿ.ಎಫ್. ಎಂಬ ಎರಡಕ್ಷರ ಮನೆಯ ಹೆಂಗಸರ ಬಾಯಲ್ಲೂ ನಲಿದಾಡತೊಡಗಿತು. ಮದುವೆಗೆ, ರೋಗಕ್ಕೆ, ಮನೆ ಕಟ್ಟುವುದಕ್ಕೆ ಅದರಿಂದ ಮುಂಗಡ ತೆಗೆಯಲು ನಿಯಮವೇ ಅವಕಾಶವಿತ್ತಿತ್ತು. ವೃದ್ಧಾಪ್ಯದ ಬುತ್ತಿಯೆಂದು ಕಟ್ಟಿದ್ದನ್ನು ಮಧ್ಯಾಹ್ನಕ್ಕೆ ಮೊದಲೇ ಬಿಚ್ಚುವ ಅಭ್ಯಾಸ ಅಲ್ಲಿಂದ ಬಂತೆಂದು ದೂರುವವರಿದ್ದಾರೆ; ಆದರೆ ಆ ಮುಂಗಡಗಳಿಂದ ನಿವೇಶನ ಕೊಂಡವರನ್ನೂ, ಮಗಳ ಮದುವೆಯ ಊಟಕ್ಕೆ ಅದನ್ನು ಬಡಿಸಿದವರನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ.

ಈ ಬೇಲಿ ಎಷ್ಟು ಗಟ್ಟಿಯೆಂಬುದು ತಿಳಿದದ್ದು 1980ರ ಡಿಸೆಂಬರಿನ ಕೊನೆಯಲ್ಲಿ. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಐದೂ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು, ಬಿಎಚ್‌ಇಎಲ್ ನೌಕರರಿಗೆ ಸರಿಸಮನಾದ ವೇತನ ಬೇಕೆಂದು ಕೆಲಸ ನಿಲ್ಲಿಸಿದರು. ಮುಷ್ಕರ 77 ದಿನ ನಡೆಯಿತು. ಅಕ್ಕಿಯಂಗಡಿಯ ಲೆಕ್ಕದ ಪುಸ್ತಕ ತುಂಬಿ ಎರಡನೆಯ ಪುಸ್ತಕ ಬಂತು. ಹಲಸೂರಿನ, ಶಿವಾಜಿನಗರದ ಗಿರವಿ ಅಂಗಡಿಗಳಿಗೆ ಮೊದಲು ಬಳೆ, ಆಮೇಲೆ ಓಲೆ, ಕಡೆಗೆ ತಾಳಿಯ ಸರ ಎಂಬ ಕ್ರಮದಲ್ಲಿ ಒಡವೆಗಳು ನಡೆದವು. ಆ ದಿನಗಳ ಒಂದು ಪಾಠವನ್ನು ಯಾರೂ ಬರೆದಿಟ್ಟದ್ದು ಕಾಣೆ. ಇಪ್ಪತ್ತು ಜನರೂ ಒಂದೇ ಕಾರ್ಖಾನೆಯವರಾದ ಚೀಟಿಯಲ್ಲಿ, ಎಲ್ಲರಿಗೂ ಒಂದೇ ದಿನ ಹಣ ಬೇಕಾಗುತ್ತದೆ, ಎಲ್ಲರಿಗೂ ಒಂದೇ ದಿನ ಕಟ್ಟಲು ಹಣವಿರುವುದಿಲ್ಲ. ಕಷ್ಟ ಒಬ್ಬೊಬ್ಬರಿಗೆ ಒಂದೊಂದು ಕಾಲದಲ್ಲಿ ಬಂದರಷ್ಟೇ ಪರಸ್ಪರ ನೆರವೆಂಬುದು ಸಾಧ್ಯ. ಜಗಲಿಯ ಚೀಟಿಯಲ್ಲಿ ಹಾಲು ಮಾರುವವನೂ ಶಾಲೆಯ ಮೇಷ್ಟ್ರೂ ದರ್ಜಿಯೂ ಇರಬೇಕೆಂದು ಹಟ ಹಿಡಿಯುವ ಅಜ್ಜಿಯಂದಿರು ಹಿಂದಿನಿಂದಲೂ ಇದ್ದರು; ಅವರು ಅರ್ಥಶಾಸ್ತ್ರವನ್ನು ಓದಿದವರಲ್ಲ.

ಇಷ್ಟೆಲ್ಲ ತಿಂಗಳ ಹಣದ ಕಥೆ. ಇಡಿಗಂಟಿನ ಕಥೆ ನಿಜವಾಗಿ ಬಿಚ್ಚಿಕೊಂಡದ್ದು ಕಲ್ಯಾಣ ನಗರದ ನೆಲದಲ್ಲಿಯೇ. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿದ ಮೇಲೆ ಈ ಹಳ್ಳಿಗಳ ಹೊಲಗಳಿಗೆ ನೋಟಿಸು ಬಂತು. 1894ರ ಭೂಸ್ವಾಧೀನ ಶಾಸನದ ಪ್ರಕಾರ, ಅಧಿಕಾರಿ ನೆಲದ ಮಾರುಕಟ್ಟೆ ಬೆಲೆಯನ್ನು ಗೊತ್ತುಮಾಡಿ, ಬಲವಂತದ ಸ್ವಾಧೀನವೆಂಬ ಕಾರಣಕ್ಕೆ ಅದರ ಮೇಲೆ ಶೇಕಡ 15ರಷ್ಟು ಹೆಚ್ಚುವರಿ ಸೇರಿಸಬೇಕಿತ್ತು. 1984ರ ತಿದ್ದುಪಡಿ ಅದನ್ನು ಶೇಕಡ 30ಕ್ಕೆ ಏರಿಸಿತು. ಕೊಟ್ಟದ್ದು ಸಾಲದೆಂದು ರೈತ ನ್ಯಾಯಾಲಯಕ್ಕೆ ಹೋದರೆ, ಹೆಚ್ಚಳವಾದ ಮೊತ್ತಕ್ಕೆ ಮೊದಲ ವರ್ಷ ಶೇಕಡ 9, ಅನಂತರ ಶೇಕಡ 15ರಂತೆ ಬಡ್ಡಿ ಸೇರುತ್ತಿತ್ತು. ಕೇಳುವುದಕ್ಕೆ ಇದು ಉದಾರವಾದ ಕಾನೂನು. ಆದರೆ ಆಚರಣೆಯಲ್ಲಿ ಹಣ ಎರಡು ಹೆಜ್ಜೆಗಳಲ್ಲಿ ಬಂತು: ಮೊದಲನೆಯದು ಸಣ್ಣದು, ನೆಲ ಕಳೆದುಕೊಂಡ ದುಃಖದಲ್ಲಿಯೇ ಬಂದು ಹಳೆಯ ಸಾಲಕ್ಕೂ ಮದುವೆಗೂ ಹೋದದ್ದು, ಎರಡನೆಯದು ದೊಡ್ಡದು, ವರ್ಷಾನುಗಟ್ಟಲೆ ಕೋರ್ಟು ಅಲೆದ ಮೇಲೆ, ಭೂಮಿಯನ್ನು ಉತ್ತವನು ತೀರಿಕೊಂಡೋ ಮುದುಕನಾಗಿಯೋ ಇರುವಾಗ, ಮೊಮ್ಮಕ್ಕಳ ಕೈಗೆ ಬಂದದ್ದು. ವಿಧಿ ಎರಡು ಸಲ ಬಾಗಿಲು ತಟ್ಟಿತೆಂದು ಹೇಳಬಹುದಾದರೂ, ಎರಡನೆಯ ಸಲ ಬಾಗಿಲು ತೆರೆದವರು ಬೇರೆಯವರಾಗಿದ್ದರು.

ಈ ಭಾಗದ ಹಳೆಯ ಮನೆತನಗಳ ಮಾತಿನಲ್ಲಿ ಮೂರು ಬಗೆಯ ವೃತ್ತಾಂತಗಳು ಕೇಳಿಬರುತ್ತವೆ. ಪರಿಹಾರದ ಹಣದಲ್ಲಿ ಹೊಸಕೋಟೆಯ ಕಡೆಗೋ ದೇವನಹಳ್ಳಿಯ ಕಡೆಗೋ ಮತ್ತೆ ನೆಲ ಕೊಂಡವರು ಕೆಲವರು. ರೈತನಾಗಿಯೇ ಉಳಿಯಬೇಕೆಂಬ ಹಟದಿಂದ ಕೊಂಡ ಆ ನೆಲ ಮುಂದೆ ಚಿನ್ನದ ಬೆಲೆಗೇರಿದ್ದು ಅವರ ವಿವೇಕವೋ ಅದೃಷ್ಟವೋ ನಿರ್ಣಯಿಸುವುದು ಕಷ್ಟ. ಜೀಪು, ದೇವರ ಉತ್ಸವ, ಚುನಾವಣೆ, ಪಾಲುದಾರಿಕೆಯ ವ್ಯಾಪಾರ ಎಂದು ಕರಗಿಸಿದವರು ಮತ್ತೆ ಕೆಲವರು. ಅವರನ್ನು ಹಳಿಯುವುದು ಸುಲಭ, ಆದರೆ ಲಕ್ಷವೆಂಬ ಅಂಕಿಯನ್ನು ಎಂದೂ ಒಟ್ಟಿಗೆ ಕಾಣದವನ ಮನೆಯ ಮುಂದೆ ಆ ಹಣ ಬಂದ ವಾರವೇ ನೆಂಟರೂ ದಳ್ಳಾಳಿಗಳೂ ಸಾಲುಗಟ್ಟಿ ನಿಂತರೆ, ಬೇಡವೆನ್ನುವ ವಿದ್ಯೆಯನ್ನು ಅವನಿಗೆ ಕಲಿಸಿದವರಾರು? ಇನ್ನು ಕೆಲವರು ಗ್ರಾಮಠಾಣೆಯಲ್ಲಿ ಉಳಿದ ಹಿತ್ತಿಲಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಹೊರಗೆ ಎಲ್ಲರಿಗೂ ಸೇರಿ ಒಂದು ನಲ್ಲಿ ಎಂಬ ಲೆಕ್ಕದಲ್ಲಿ ವಠಾರದ ಮನೆಗಳನ್ನು ಸಾಲಾಗಿ ಕಟ್ಟಿಸಿದರು. ನೋಡಲು ಅಂದವಿಲ್ಲದ ಆ ಸಾಲುಗಳು, ಸುಗ್ಗಿಗೊಮ್ಮೆ ಬರುತ್ತಿದ್ದ ಆದಾಯವನ್ನು ತಿಂಗಳಿಗೊಮ್ಮೆ ಬರುವ ಆದಾಯವಾಗಿ ಮಾರ್ಪಡಿಸಿಕೊಂಡವು. ಇಡಿಗಂಟನ್ನು ಬೇಗನೆ ಒಡೆದು ತಿಂಗಳ ಹಣವಾಗಿಸಿದವರೇ ಉಳಿದುಕೊಂಡರೆಂಬುದು ನನ್ನ ಅಂದಾಜು.

ಮನೆಯ ಹೆಣ್ಣುಮಕ್ಕಳ ಪಾಲಿನ ಮಾತು ಇಲ್ಲಿ ಬರಲೇಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕೆಂದು ಕರ್ನಾಟಕದ ತಿದ್ದುಪಡಿ ಸಾರಿದ್ದು 1994ರ ಜುಲೈ 30ರಿಂದ, ಕೇಂದ್ರದ ಕಾನೂನು ಅದನ್ನು ದೇಶಕ್ಕೆಲ್ಲ ಹರಡುವುದಕ್ಕೆ 11 ವರ್ಷ ಮೊದಲು. ಆದರೆ ರಾಜ್ಯದ ತಿದ್ದುಪಡಿ ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಪರಿಣಾಮವಾಗಿ ಒಂದೇ ಮನೆಯ ಅಕ್ಕನಿಗೆ ಅರಿಸಿನ ಕುಂಕುಮವೂ ತಂಗಿಗೆ ಪಾಲುಪತ್ರವೂ ದೊರೆತ ಉದಾಹರಣೆಗಳು ಹುಟ್ಟಿಕೊಂಡವು. ಪರಿಹಾರದ ಎರಡನೆಯ ಕಂತು ಬಂದ ಮನೆಗಳಲ್ಲಿ ದಾವೆಗಳು ಎದ್ದುದರ ಅರ್ಧ ಕಾರಣ ಈ ತಾರೀಖಿನಲ್ಲಿದೆ.

ಹೊಲದ ಮೇಲೆ ಎದ್ದ ನಿವೇಶನಗಳಿಗೆ ಬಂದವರ ಸಂಗತಿ ಬೇರೆ. ಕಾರ್ಖಾನೆಯವರು, ಬ್ಯಾಂಕಿನವರು, ಸೇನೆಯಿಂದ ನಿವೃತ್ತರಾದವರು ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಜ್ಯೇಷ್ಠತೆಯ ಸಾಲಿನಲ್ಲಿ ವರ್ಷಗಟ್ಟಲೆ ಕಾದು, 30×40 ಅಥವಾ 40×60 ಅಡಿಯ ನೆಲವನ್ನು ಪಡೆದರು. ಪಡೆದದ್ದು ಕ್ರಯಪತ್ರವನ್ನಲ್ಲ, ಗುತ್ತಿಗೆ-ಸಹಿತ-ಕ್ರಯದ ಕರಾರನ್ನು. ಹತ್ತು ವರ್ಷ ಮಾರುವಂತಿರಲಿಲ್ಲ. ಸಟ್ಟಾ ವ್ಯಾಪಾರವನ್ನು ತಡೆಯಲು ಮಾಡಿದ ಈ ನಿಯಮ ಮಧ್ಯಮವರ್ಗದ ಮನೆಗಳಿಗೆ ಎಂತಹ ಉಪಕಾರ ಮಾಡಿತೆಂದರೆ, ಕೈಯಲ್ಲಿದ್ದ ಬೆಲೆಯುಳ್ಳ ವಸ್ತುವನ್ನು ಮೊದಲ ಕಷ್ಟಕ್ಕೇ ಮಾರಿಬಿಡುವ ದಾರಿಯನ್ನು ಅದು ಮುಚ್ಚಿತು. 1996ಕ್ಕೂ 2002ಕ್ಕೂ ನಡುವೆ ಹೊರವರ್ತುಲ ರಸ್ತೆ ಬಂದು, ನಾಗವಾರದ ಬಳಿ ತಂತ್ರಾಂಶ ಸಂಸ್ಥೆಗಳು ಎದ್ದಾಗ, ತಾರಸಿಯ ಮೇಲೆ ಎರಡು ಮಹಡಿ ಏರಿಸಿ ಬಾಡಿಗೆಗೆ ಕೊಟ್ಟ ನಿವೃತ್ತನಿಗೆ ಆ ಬಾಡಿಗೆಯೇ ಪಿಂಚಣಿಯಾಯಿತು.

ಆ ಭಾಗ್ಯವಿಲ್ಲದವರು ತಮ್ಮ ಇಡಿಗಂಟನ್ನು ಎಲ್ಲಿ ಇಡಬೇಕು? ಕೊಲ್ಲಿ ದೇಶಗಳಿಂದ ಮರಳಿದವರು, ಸ್ವಯಂನಿವೃತ್ತಿ ಪಡೆದವರು, ಬಡ್ಡಿ ನಿಷಿದ್ಧವೆಂದು ಬ್ಯಾಂಕಿನ ಠೇವಣಿಯಿಂದ ದೂರ ಉಳಿದವರು ಶಿವಾಜಿನಗರದ ಐ ಮಾನಿಟರಿ ಅಡ್ವೈಸರಿ ಎಂಬ ಸಂಸ್ಥೆಯಲ್ಲಿ ಹಣ ತೊಡಗಿಸಿದರು. ಬಡ್ಡಿಯಲ್ಲ, ವ್ಯಾಪಾರದ ಲಾಭದ ಪಾಲು ಎಂಬ ಹೆಸರಿನಲ್ಲಿ ಅದು ತಿಂಗಳು ತಿಂಗಳು ಕೊಡುತ್ತಿದ್ದ ಮೊತ್ತ ಯಾವ ಪ್ರಾಮಾಣಿಕ ವ್ಯಾಪಾರವೂ ಕೊಡಲಾರದಷ್ಟು ದೊಡ್ಡದಾಗಿತ್ತು. 2019ರ ಜೂನಿನಲ್ಲಿ ಅದರ ಮುಖ್ಯಸ್ಥ ದೇಶ ಬಿಟ್ಟು ಹೋದ. ಮರುತಿಂಗಳು ದೆಹಲಿಯಲ್ಲಿ ಬಂಧಿತನಾದ. ದೂರು ಕೊಟ್ಟವರು ಹತ್ತಾರು ಸಾವಿರ. ಠೇವಣಿದಾರರ ಹಿತರಕ್ಷಣೆಗೆ ರಾಜ್ಯದಲ್ಲಿ 2004ರ ಕಾಯಿದೆ ಆಗಲೇ ಇತ್ತು. ಆದರೂ ಸಂಸ್ಥೆಯ ಆಸ್ತಿ ಜಪ್ತಿಯಾಗುವ ಹೊತ್ತಿಗೆ ಹಂಚಲು ಉಳಿದದ್ದು ಅಲ್ಪ. ಆ ಜನರನ್ನು ದುರಾಸೆಯವರೆಂದು ಅನೇಕರು ಬರೆದರು. ನನಗೆ ಹಾಗೆ ತೋರುವುದಿಲ್ಲ: ಅವರು ಬಯಸಿದ್ದು ಇಡಿಗಂಟನ್ನು ತಿಂಗಳ ಹಣವಾಗಿಸುವುದನ್ನು, ಬಾಣಸವಾಡಿಯ ವಠಾರದ ಒಡೆಯ ಮಾಡಿದ್ದನ್ನೇ, ವಠಾರದ ಕೋಣೆ ಕಣ್ಣಿಗೆ ಕಾಣುತ್ತಿತ್ತು, ಇದು ಕಾಣುತ್ತಿರಲಿಲ್ಲ.

ಕಲ್ಯಾಣ ನಗರದಲ್ಲಿ ಇಂದಿಗೂ ಬಳಕೆಯಲ್ಲಿರುವ ಭೋಗ್ಯದ ಪದ್ಧತಿಯನ್ನು, ಲೀಸಿಗೆ ಹಾಕುವುದೆಂದು ಜನ ಕರೆಯುವುದನ್ನು, ಈ ಬೆಳಕಿನಲ್ಲಿ ನೋಡಬೇಕು. ಬಾಡಿಗೆಯಿಲ್ಲ, ಒಕ್ಕಲು ಮೊದಲೇ ಒಂದು ಇಡಿಗಂಟನ್ನು ಕೊಟ್ಟು, ಎರಡು ಮೂರು ವರ್ಷ ಮನೆಯಲ್ಲಿದ್ದು, ಬಿಡುವಾಗ ಪೂರ್ತಿ ಹಣ ಹಿಂದಕ್ಕೆ ಪಡೆಯುತ್ತಾನೆ. ಬಾಡಿಗೆ ಉಳಿಯಿತೆಂದು ಅವನು ಹಿಗ್ಗುತ್ತಾನೆ. ತಿಂಗಳಿಗೆ 25,000 ಬಾಡಿಗೆ ಬರಬಹುದಾದ ಮನೆಗೆ ಒಡೆಯ 15 ಲಕ್ಷ ಭೋಗ್ಯ ಕೇಳಿದನೆನ್ನಿ. ವರ್ಷಕ್ಕೆ 3 ಲಕ್ಷ ಬಾಡಿಗೆಯನ್ನು ಬಿಟ್ಟುಕೊಟ್ಟು 15 ಲಕ್ಷ ಪಡೆದವನು ವಾಸ್ತವದಲ್ಲಿ ಶೇಕಡ 20ರ ಬಡ್ಡಿಗೆ ಸಾಲ ತೆಗೆದಂತಾಯಿತು. ಮನೆಯ ದಾಖಲೆಯಿಟ್ಟು ಅರ್ಧ ಬಡ್ಡಿಗೆ ಬ್ಯಾಂಕಿನಲ್ಲಿ ಸಾಲ ದೊರೆಯುವಾಗ ಅವನು ಹಾಗೇಕೆ ಮಾಡಿಯಾನು? ಆ ದಾಖಲೆ ಆಗಲೇ ಬ್ಯಾಂಕಿನಲ್ಲಿರಬಹುದು. ಹಳೆಯ ಭೋಗ್ಯದವನ ಹಣ ಮಗಳ ಮದುವೆಗೋ ಮೇಲಿನ ಮಹಡಿಗೋ ಕರಗಿಹೋಗಿ, ಹೊಸ ಭೋಗ್ಯದವನು ಬಂದು ಹಣ ಕೊಟ್ಟರಷ್ಟೇ ಹಳಬನಿಗೆ ತೀರಿಸಲು ಸಾಧ್ಯವೆಂಬ ಸ್ಥಿತಿಯೂ ಇರಬಹುದು. ಸ್ವಾಧೀನಭೋಗ್ಯವನ್ನು 1882ರ ಸ್ವತ್ತು ವರ್ಗಾವಣೆ ಶಾಸನ ಬಲ್ಲದು, ನೂರು ರೂಪಾಯಿ ಅಥವಾ ಅದಕ್ಕೆ ಮೀರಿದ ಇಂತಹ ಅಡಮಾನವನ್ನು ನೋಂದಾಯಿಸಬೇಕೆಂದೂ ಹೇಳುತ್ತದೆ. ಆದರೆ ಮುದ್ರಾಂಕದ ಖರ್ಚು ಉಳಿಸಲು ಇಬ್ಬರೂ ಛಾಪಾ ಕಾಗದದ ಮೇಲೆ ಬಾಡಿಗೆ ಕರಾರೆಂದು ಬರೆದು, ನೋಟರಿಯ ಮೊಹರು ಹಾಕಿಸಿಕೊಂಡು ಸುಮ್ಮನಾಗುತ್ತಾರೆ. ಅಂತಹ ಕರಾರು ಬಾಣಸವಾಡಿಯ ಉಪನೋಂದಣಿ ಕಚೇರಿ ಕೊಡುವ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಸಾಲ ತೀರಿಸದ ಒಡೆಯನ ಮನೆಯನ್ನು ಬ್ಯಾಂಕು ಹರಾಜಿಗಿಟ್ಟ ದಿನ, ಬಂದ ಹಣದಲ್ಲಿ ಬ್ಯಾಂಕಿನ ಬಾಕಿ ಮೊದಲು ಕಳೆದು, ಏನಾದರೂ ಉಳಿದರೆ ಅದು ಒಡೆಯನಿಗೆ ಹೋಗುತ್ತದೆ, ಭೋಗ್ಯದವನು ಆ ಒಡೆಯನನ್ನು ಹುಡುಕಿಕೊಂಡು ಸಿವಿಲ್ ದಾವೆ ಹೂಡಬೇಕಾಗುತ್ತದೆ.